ಡೈವೋರ್ಸ್ ಆದರೆ ಮನೆ, ಒಡವೆ, ದುಡ್ಡು ಯಾರಿಗೆ? ಬೆಂಗಳೂರಿನವರಿಗೊಂದು ಸಮಗ್ರ ಮಾರ್ಗದರ್ಶಿ

"ಗಂಡನ ಆಸ್ತಿಯಲ್ಲಿ ಅರ್ಧ ನನಗೆ ಬರುತ್ತಲ್ವಾ ಮೇಡಂ?" ಎಂದು ಹೆಣ್ಣುಮಕ್ಕಳು ಕೇಳುತ್ತಾರೆ. "ನಾನು ಹೊಟ್ಟೆ ಬಟ್ಟೆ ಕಟ್ಟಿ ಮಾಡಿದ ಆಸ್ತಿಯಲ್ಲಿ ಅರ್ಧ ಹೊರಟೇಹೋಗುತ್ತಾ?" ಎಂದು ಗಂಡಸರು ಕೇಳುತ್ತಾರೆ. ಇಬ್ಬರಿಗೂ ಉತ್ತರ ಒಂದೇ: ಇಲ್ಲ. ಮದುವೆಯಾದ ಮೇಲೆ ಕೂಡಿಟ್ಟಿದ್ದನ್ನೆಲ್ಲ ಎರಡು ಪಾಲು ಮಾಡಿ ಹಂಚುವ ಕಾನೂನು ನಮ್ಮಲ್ಲಿಲ್ಲ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆ ಉಳಿದುಕೊಂಡಿರುವುದರಿಂದ ಅಲ್ಲಿಯ ಲೆಕ್ಕ ಬೇರೆ. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಬೇಕೆಂಬ ಅಂಶವಿದ್ದ ತಿದ್ದುಪಡಿ ಮಸೂದೆ 2013ರಲ್ಲಿ ರಾಜ್ಯಸಭೆಯಲ್ಲಿ ಪಾಸಾಯಿತು, ಆದರೆ ಕಾಯ್ದೆಯಾಗಲಿಲ್ಲ.

ಕರ್ನಾಟಕದಲ್ಲಿ ಕೋರ್ಟು ನೋಡುವುದು ಎರಡು ಸಂಗತಿಯನ್ನು. ಆಸ್ತಿಯ ಕಾಗದದಲ್ಲಿ ಯಾರ ಹೆಸರಿದೆ? ಬೇರೆಯಾದ ಮೇಲೆ ಬದುಕಲು ಯಾರಿಗೆ ಎಷ್ಟು ಬೇಕು, ಕೊಡುವ ಶಕ್ತಿ ಯಾರಿಗೆಷ್ಟಿದೆ? ಮೊದಲನೆಯದು ಮಾಲೀಕತ್ವದ ಪ್ರಶ್ನೆ, ಎರಡನೆಯದು ಜೀವನಾಂಶದ ಪ್ರಶ್ನೆ. ಇವೆರಡನ್ನೂ ಕಲಸಿಕೊಂಡು ವರ್ಷಗಟ್ಟಲೆ ವಾಯಿದೆಗೆ ಅಲೆಯುವವರನ್ನು ನೋಡಿ ಸಂಕಟವಾಗುತ್ತದೆ. ಕೇಸು ಹಾಕುವ ಮೊದಲು ಏನು ಮಾಡಬೇಕು, ಹಾಕಿದ ಮೇಲೆ ಏನಾಗುತ್ತದೆ ಎಂಬುದನ್ನು ಫ್ಯಾಮಿಲಿ ಕೋರ್ಟಿನಲ್ಲಿ ಕೆಲಸ ಮಾಡುವ ವಕೀಲೆಯಾಗಿ ಕ್ರಮವಾಗಿ ಹೇಳುತ್ತೇನೆ.

ಮೊದಲು, ನಿಮಗೆ ಯಾವ ಕಾನೂನು ಅನ್ವಯಿಸುತ್ತದೆ ಎಂದು ನೋಡಿ

ಹಿಂದೂ, ಜೈನ, ಬೌದ್ಧ, ಸಿಖ್ ಮದುವೆಗಳಿಗೆ 1955ರ ಹಿಂದೂ ವಿವಾಹ ಕಾಯ್ದೆ. ಅದರ 24ನೇ ಕಲಮಿನಡಿ ಕೇಸು ನಡೆಯುತ್ತಿರುವಾಗಿನ ಮಧ್ಯಂತರ ಜೀವನಾಂಶ ಮತ್ತು ಕೋರ್ಟು ಖರ್ಚು ಕೇಳಬಹುದು. 25ನೇ ಕಲಮು ಶಾಶ್ವತ ಜೀವನಾಂಶಕ್ಕೆ. 27ನೇ ಕಲಮು ಮದುವೆಯ ಸಂದರ್ಭದಲ್ಲಿ ಬಂದ, ಇಬ್ಬರಿಗೂ ಸೇರಿದ ವಸ್ತುಗಳ ವಿಲೇವಾರಿಗೆ. 24 ಮತ್ತು 25ರಡಿ ಗಂಡನೂ ಅರ್ಜಿ ಹಾಕಬಹುದು. 1954ರ ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟರ್ ಮದುವೆಯಾದವರಿಗೆ ಅದರ 36, 37ನೇ ಕಲಮು, ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯ ಅದೇ ಸಂಖ್ಯೆಯ ಕಲಮುಗಳಿವೆ. ಮುಸ್ಲಿಂ ಹೆಣ್ಣುಮಕ್ಕಳಿಗೆ ಮೆಹರ್, ಅಂದರೆ ಮದುವೆಯಲ್ಲಿ ಗಂಡ ಕೊಡಲು ಒಪ್ಪಿದ್ದರ ಜೊತೆಗೆ 1986ರ ಕಾಯ್ದೆಯಡಿ ನ್ಯಾಯಯುತವಾದ ಪರಿಹಾರವಿದೆ.

ಇದಲ್ಲದೆ ಯಾವ ಧರ್ಮದ ಹೆಂಡತಿಯೇ ಆಗಲಿ, ಹಿಂದೆ ಸಿಆರ್‌ಪಿಸಿ 125 ಎನ್ನುತ್ತಿದ್ದ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿರುವ ಕಲಮಿನಡಿ ಜೀವನಾಂಶ ಕೇಳಬಹುದು. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 10ರಂದು ಹೇಳಿದೆ. ಅದೇ ತೀರ್ಪಿನಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾ. ಬಿ.ವಿ. ನಾಗರತ್ನ ಅವರು, ಮನೆಯಲ್ಲಿ ದುಡಿಯುವ ಹೆಂಡತಿಗೆ ಜಂಟಿ ಖಾತೆ, ಎಟಿಎಂ ಕಾರ್ಡು ಕೊಟ್ಟು ಆರ್ಥಿಕ ಭದ್ರತೆ ಒದಗಿಸಬೇಕು ಎಂದು ಬರೆದಿದ್ದಾರೆ. ಮನೆ ಚೆನ್ನಾಗಿರುವಾಗಲೇ ಎಲ್ಲರೂ ಓದಬೇಕಾದ ಮಾತದು.

ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005 ಮೂರನೆಯ ದಾರಿ. ಮನೆಯಲ್ಲಿ ಇರುವ ಹಕ್ಕು, ಖರ್ಚು, ಪರಿಹಾರ ಮೂರನ್ನೂ ಅದರಲ್ಲಿ ಕೇಳಬಹುದು. ಎರಡು ಮೂರು ಕಡೆ ಅರ್ಜಿ ಹಾಕುವುದಕ್ಕೆ ಅಡ್ಡಿಯಿಲ್ಲ. ಆದರೆ ಒಂದು ಕಡೆ ಆದೇಶವಾಗಿದ್ದರೆ ಇನ್ನೊಂದು ಕಡೆ ಅದನ್ನು ತಿಳಿಸಲೇಬೇಕು, ಮೊತ್ತವನ್ನು ಹೊಂದಿಸಿಕೊಳ್ಳುತ್ತಾರೆ. ಮುಚ್ಚಿಟ್ಟರೆ ನಂಬಿಕೆ ಹೋಗುತ್ತದೆ.

ಹೆಸರಿನ ಪಟ್ಟಿ ಮಾಡಿ

ಒಂದು ನೋಟ್‌ಬುಕ್ ತೆಗೆದುಕೊಂಡು ಪುಟವನ್ನು ನಾಲ್ಕು ಭಾಗ ಮಾಡಿ: ನನ್ನ ಹೆಸರಿನದು, ಅವರ ಹೆಸರಿನದು, ಇಬ್ಬರ ಹೆಸರಿನದು, ಅತ್ತೆ ಮಾವ ಅಥವಾ ಅಪ್ಪ ಅಮ್ಮನ ಹೆಸರಿನದು. ಮನೆ, ಸೈಟು, ಊರಿನ ಜಮೀನು, ಕಾರು, ಎಫ್‌ಡಿ, ಪಿಎಫ್, ಎಲ್‌ಐಸಿ, ಮ್ಯೂಚುವಲ್ ಫಂಡು, ಕಂಪನಿ ಕೊಟ್ಟ ಷೇರು, ಚೀಟಿ, ಯಾರಿಗೋ ಕೊಟ್ಟ ಕೈಸಾಲ ಎಲ್ಲವನ್ನೂ ಆಯಾ ಭಾಗದಲ್ಲಿ ಬರೆಯಿರಿ. ಸಾಲಗಳನ್ನೂ ಹಾಗೆಯೇ.

ನಿಮ್ಮ ಹೆಸರಲ್ಲಿರುವುದು ನಿಮ್ಮದು. ಅವರ ಹೆಸರಲ್ಲಿರುವುದು ಅವರದು. "ಕ್ರಯಪತ್ರದಲ್ಲಿ ಹೆಸರು ಅವಳದು, ದುಡ್ಡು ನನ್ನದು" ಎನ್ನುವವರು ಅದನ್ನು ಸಾಬೀತು ಮಾಡಬೇಕು, ಅದು ಸುಲಭವಲ್ಲ. ಜಂಟಿ ಹೆಸರಿನ ಆಸ್ತಿಗೆ ಪತ್ರದಲ್ಲಿ ಪಾಲು ಇಷ್ಟಿಷ್ಟು ಎಂದು ಬರೆದಿಲ್ಲದಿದ್ದರೆ ಸಾಮಾನ್ಯವಾಗಿ ಸಮಪಾಲು ಎಂದೇ ಲೆಕ್ಕ ಶುರುವಾಗುತ್ತದೆ. ಹೆಚ್ಚು ಹಾಕಿದೆ ಎನ್ನುವವರು ಬ್ಯಾಂಕ್ ಸ್ಟೇಟ್‌ಮೆಂಟ್ ತರಬೇಕು. ಗಂಡ ಹೆಂಡತಿ ನಡುವಿನ ಇಂಥ ಆಸ್ತಿ ವ್ಯಾಜ್ಯವನ್ನು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಕಲಮಿನಂತೆ ಫ್ಯಾಮಿಲಿ ಕೋರ್ಟೇ ವಿಚಾರಿಸಬಹುದು.

ಮಾವನ ಸ್ವಯಾರ್ಜಿತ ಮನೆಯಲ್ಲಿ ಸೊಸೆಗೆ ಪಾಲಿಲ್ಲ. ಗಂಡನ ಪಿತ್ರಾರ್ಜಿತ ಆಸ್ತಿಯಲ್ಲಿಯೂ ಡೈವೋರ್ಸ್ ಕಾರಣಕ್ಕೆ ಹೆಂಡತಿಗೆ ಪಾಲು ಬರುವುದಿಲ್ಲ. ಆದರೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗಾಗಲಿ ಮಗಳಿಗಾಗಲಿ ಹುಟ್ಟಿನಿಂದಲೇ ಬಂದ ಹಕ್ಕು ಅಪ್ಪ ಅಮ್ಮ ಬೇರೆಯಾದ ಮಾತ್ರಕ್ಕೆ ಹೋಗುವುದಿಲ್ಲ. ಹೆಣ್ಣುಮಕ್ಕಳಿಗೆ ಈ ಹಕ್ಕನ್ನು ಕರ್ನಾಟಕ 1994ರಲ್ಲೇ ಕೊಟ್ಟಿತ್ತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಮಗು ನಿಮ್ಮ ಬಳಿ ಇದ್ದರೆ ಊರಿನ ಜಮೀನಿನ ಪಹಣಿಯನ್ನೊಮ್ಮೆ ತೆಗೆದು ನೋಡಿ. ಇದನ್ನು ಕೇಳಲು ಮರೆಯುವವರೇ ಹೆಚ್ಚು. ಹಾಗೆಯೇ ಹೆಂಡತಿಗೆ ಅವಳ ತವರಿನಿಂದ ಬಂದ ಪಾಲಿನ ಮೇಲೆ ಗಂಡನಿಗೆ ಯಾವ ಹಕ್ಕೂ ಇಲ್ಲ.

ಮನೆ ಬಿಡುವ ಮೊದಲು ಕಾಗದ ಪತ್ರ ಜೋಡಿಸಿಕೊಳ್ಳಿ

ಜಗಳವಾಗಿ ರಾತ್ರೋರಾತ್ರಿ ಹೊರಟು ಬಂದವರಿಗೆ ಆಮೇಲೆ ಒಂದು ಸಂಬಳದ ಚೀಟಿ ಸಿಗುವುದೂ ಕಷ್ಟ. ಜೀವಕ್ಕೆ ಅಪಾಯವಿದ್ದರೆ ಕಾಗದದ ಯೋಚನೆ ಬಿಟ್ಟು ಮೊದಲು ಹೊರಗೆ ಬನ್ನಿ, 181ಕ್ಕೆ ಕರೆ ಮಾಡಿ. ಸಮಯವಿದ್ದರೆ ಇವುಗಳ ನಕಲು ಇಟ್ಟುಕೊಳ್ಳಿ: ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಆದಾಯ ತೆರಿಗೆ ರಿಟರ್ನ್ಸ್, ಫಾರ್ಮ್ 16, ಕ್ರಯಪತ್ರ, ಖಾತೆ, ಗೃಹಸಾಲದ ಸ್ಟೇಟ್‌ಮೆಂಟ್, ವಿಮೆ ಪಾಲಿಸಿಗಳು, ಮಗುವಿನ ಶಾಲೆಯ ಫೀಸು ರಸೀದಿ, ಮನೆ ಬಾಡಿಗೆ ಕರಾರು, ಔಷಧಿ ಬಿಲ್ಲು. ನಿಮಗೆ ನ್ಯಾಯವಾಗಿ ಕೈಗೆಟುಕುವ ಕಾಗದಗಳಷ್ಟೇ ಸಾಕು. ಇನ್ನೊಬ್ಬರ ಇಮೇಲ್ ಪಾಸ್‌ವರ್ಡ್ ಕದ್ದು ತೆಗೆದ ಪುರಾವೆ ನಿಮ್ಮ ಮೇಲೇ ಕೇಸಾಗಿ ತಿರುಗಬಹುದು.

ಬೆಂಗಳೂರಿನ ಆಸ್ತಿಯ ಬಗ್ಗೆ ಸುಳಿವಿದ್ದು ಕಾಗದವಿಲ್ಲದಿದ್ದರೆ ಕಾವೇರಿ 2.0 ಪೋರ್ಟಲ್‌ನಲ್ಲಿ ಋಣಭಾರ ಪತ್ರಕ್ಕೆ, ಅಂದರೆ ಇಸಿಗೆ, ಅರ್ಜಿ ಹಾಕಿ. ಆಸ್ತಿ ಯಾವ ದಿನ ಯಾರಿಂದ ಯಾರಿಗೆ ಹೋಯಿತು, ಯಾವ ಬ್ಯಾಂಕಿಗೆ ಅಡಮಾನವಾಗಿದೆ ಎಂಬುದು ಅದರಲ್ಲಿ ಬರುತ್ತದೆ. ಜಗಳ ಶುರುವಾದ ಮೇಲೆ ಗಂಡ ತನ್ನ ಸೈಟನ್ನು ತಮ್ಮನಿಗೆ ದಾನಪತ್ರ ಮಾಡಿಕೊಟ್ಟಿದ್ದರೆ ಆ ತಾರೀಖು ಅಲ್ಲಿರುತ್ತದೆ, ಕೋರ್ಟಿನ ಮುಂದೆ ಅದು ದೊಡ್ಡ ಸಾಕ್ಷಿ. ಇನ್ನೂ ಮಾರಿಲ್ಲ, ಮಾರುವ ಸೂಚನೆಯಿದೆ ಎಂದಾದರೆ ಕೇಸಿನ ಜೊತೆಗೇ ತಡೆಯಾಜ್ಞೆಗೆ ಮಧ್ಯಂತರ ಅರ್ಜಿ ಹಾಕಬೇಕು. ತಡಮಾಡಬೇಡಿ.

ಒಡವೆ: ಇದರಲ್ಲಿ ಅರ್ಧದ ಮಾತೇ ಇಲ್ಲ

ಸ್ತ್ರೀಧನ ಪೂರ್ತಿಯಾಗಿ ಹೆಂಡತಿಯದು. ತವರಿನವರು ಹಾಕಿದ್ದು, ಅತ್ತೆ ಮನೆಯವರು ಹಾಕಿದ್ದು, ಸೋದರಮಾವ ಕೊಟ್ಟಿದ್ದು, ಅವಳಿಗೆಂದು ಬಂದ ಮುಯ್ಯಿ, ಎಲ್ಲವೂ. 1985ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು: ಗಂಡನ ಮನೆಯ ಬೀರುವಿನಲ್ಲಿದ್ದ ಮಾತ್ರಕ್ಕೆ ಅದು ಜಂಟಿ ಆಸ್ತಿಯಾಗುವುದಿಲ್ಲ, ಹಿಂದಿರುಗಿಸಲು ನಿರಾಕರಿಸಿದರೆ ನಂಬಿಕೆ ದ್ರೋಹದ ಅಪರಾಧವಾಗುತ್ತದೆ. 2024ರ ಏಪ್ರಿಲ್‌ನಲ್ಲಿ ಇನ್ನೊಂದು ಪ್ರಕರಣದಲ್ಲಿ, ಕಷ್ಟಕ್ಕೆಂದು ಗಂಡ ಬಳಸಿಕೊಂಡಿದ್ದರೂ ಅದನ್ನೋ ಅದರ ಬೆಲೆಯನ್ನೋ ವಾಪಸು ಕೊಡುವುದು ಅವನ ಹೊಣೆ ಎಂದು ಹೇಳಿ 25 ಲಕ್ಷ ರೂಪಾಯಿ ಕೊಡಿಸಿತು.

ಹಕ್ಕಿನ ಬಗ್ಗೆ ಅನುಮಾನವೇ ಇಲ್ಲ. ಸೋಲುವುದು ಪುರಾವೆಯಲ್ಲಿ. "ಅರ್ಧ ಕೆಜಿ ಚಿನ್ನ ಹಾಕಿದ್ದರು" ಎಂದು ಅರ್ಜಿಯಲ್ಲಿ ಒಂದೇ ಸಾಲು ಬರೆದರೆ ಪಾಟೀಸವಾಲಿನಲ್ಲಿ ಅದು ನಿಲ್ಲುವುದಿಲ್ಲ. ಪಟ್ಟಿ ಒಡವೆ ಒಡವೆಯಾಗಿ ಇರಬೇಕು: ಮಾಂಗಲ್ಯ ಸರ ಎರಡೆಳೆ, ಇಷ್ಟು ಗ್ರಾಂ, ಬಳೆ ನಾಲ್ಕು, ಕಾಸಿನ ಸರ ಒಂದು, ಜುಮುಕಿ ಒಂದು ಜೊತೆ, ಬೆಳ್ಳಿ ದೀಪದ ಕಂಬ ಎರಡು, ಯಾರು ಕೊಟ್ಟಿದ್ದು, ಯಾವಾಗ, ಈಗ ಯಾರ ಬಳಿ ಇದೆ. ಪ್ರತಿಯೊಂದರ ಎದುರು ಒಂದು ಪುರಾವೆ. ಚಿನ್ನದಂಗಡಿಯ ಹಳೆಯ ಬಿಲ್ಲು ಕಳೆದಿದ್ದರೆ ಅಂಗಡಿಯಲ್ಲಿ ನಕಲು ಕೇಳಿ ನೋಡಿ, ಫೋನ್ ನಂಬರಿನ ಮೇಲೆ ಹುಡುಕಿ ಕೊಡುವವರಿದ್ದಾರೆ. ಅಪ್ಪನ ಖಾತೆಯಿಂದ ಆ ವಾರ ದುಡ್ಡು ಹೋದ ಸ್ಟೇಟ್‌ಮೆಂಟ್ ತೆಗೆಸಿ. ಮದುವೆ ಆಲ್ಬಂ ತೆರೆದು ಧಾರೆ, ಆರತಕ್ಷತೆ, ಸೀಮಂತದ ಫೋಟೋಗಳಲ್ಲಿ ಕುತ್ತಿಗೆ ಕೈ ಸ್ಪಷ್ಟವಾಗಿ ಕಾಣುವವನ್ನು ಆರಿಸಿ, ಪಟ್ಟಿಯ ಕ್ರಮಸಂಖ್ಯೆಯನ್ನು ಫೋಟೋದ ಹಿಂದೆ ಬರೆಯಿರಿ. ಬ್ಯಾಂಕ್ ಲಾಕರ್ ಇದ್ದರೆ ಯಾವ ದಿನ ಯಾರು ಬಂದು ತೆರೆದರು ಎಂಬ ದಾಖಲೆ ಬ್ಯಾಂಕಿನಲ್ಲಿರುತ್ತದೆ, ಅದನ್ನು ಕೋರ್ಟಿನ ಮೂಲಕ ತರಿಸಬಹುದು. ಒಡವೆ ಗಿರವಿಗೆ ಹೋಗಿದ್ದರೆ ಚಿನ್ನದ ಸಾಲದ ಚೀಟಿಯಲ್ಲಿ ತೂಕ ಸಮೇತ ವಿವರವಿರುತ್ತದೆ, ಅದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಅಪರೂಪ.

ಫ್ರಿಜ್ಜು, ಮಂಚ, ವಾಷಿಂಗ್ ಮಷೀನಿಗಾಗಿ ಹೋರಾಡುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ತಗಲುವ ವಾಯಿದೆಗಳ ಖರ್ಚಿನಲ್ಲಿ ಹೊಸದೇ ಬರುತ್ತದೆ.

ಮನೆ: ಇರುವ ಹಕ್ಕು ಬೇರೆ, ಮಾಲೀಕತ್ವ ಬೇರೆ

ಅತ್ತೆಯ ಹೆಸರಿನಲ್ಲಿರುವ ಮನೆ, "ಹೊರಗೆ ಹೋಗು" ಎನ್ನುತ್ತಿದ್ದಾರೆ. ಏನು ಮಾಡುವುದು? ಆ ಮನೆಯಲ್ಲಿ ಸೊಸೆಗೆ ಪಾಲಿಲ್ಲದಿದ್ದರೂ, ಸಂಸಾರ ನಡೆಸಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 17ನೇ ಕಲಮು ಕೊಡುತ್ತದೆ. ಮನೆ ಗಂಡನ ಹೆಸರಿನಲ್ಲೇ ಇರಬೇಕೆಂದಿಲ್ಲ ಎಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಬೆಂಗಳೂರಿನದೇ ಒಂದು ಮನೆಯ ವ್ಯಾಜ್ಯದಲ್ಲಿ, ಹಿರಿಯ ನಾಗರಿಕರ ಕಾಯ್ದೆಯಡಿ ಸರಸರನೆ ಆದೇಶ ತಂದು ಸೊಸೆಯ ಈ ಹಕ್ಕನ್ನು ಅಳಿಸಿಹಾಕಲಾಗದು ಎಂದಿತು. ವಯಸ್ಸಾದ ಅತ್ತೆ ಮಾವನ ನೆಮ್ಮದಿಯನ್ನೂ ಕೋರ್ಟು ತೂಗುತ್ತದೆ. ಹಲವು ಬಾರಿ ಅದೇ ಮನೆಯ ಬದಲು ಅದೇ ಮಟ್ಟದ ಬೇರೆ ಮನೆಯನ್ನೋ ಬಾಡಿಗೆಯನ್ನೋ ಗಂಡನಿಂದ ಕೊಡಿಸುತ್ತದೆ. 19ನೇ ಕಲಮು ಇರುವುದು ಇದಕ್ಕೇ.

ಈ ಹಕ್ಕು ಮದುವೆಯ ಸಂಬಂಧಕ್ಕೆ ಕಟ್ಟಿಕೊಂಡಿರುವಂಥದ್ದು. ಡೈವೋರ್ಸ್ ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಆದ ಮೇಲೆ ಅದನ್ನೇ ಹಿಡಿದು ನಿಲ್ಲುವುದು ಕಷ್ಟ. ಆದ್ದರಿಂದ ವಸತಿಯ ವಿಷಯ ಡಿಕ್ರಿಗೆ ಮೊದಲೇ ತೀರ್ಮಾನವಾಗಬೇಕು.

ಇಬ್ಬರ ಹೆಸರಿನ ಫ್ಲ್ಯಾಟು, ಇಬ್ಬರ ಹೆಸರಿನ ಸಾಲ ಇದ್ದರೆ ಇನ್ನೊಂದು ಮಾತು. "ಇನ್ನು ಮುಂದೆ ಕಂತು ಗಂಡನೇ ಕಟ್ಟಬೇಕು" ಎಂದು ಕೋರ್ಟು ಬರೆದರೂ ಬ್ಯಾಂಕಿಗೆ ಅದು ಕಟ್ಟುಪಾಡಲ್ಲ. ಅವನು ಕಟ್ಟದಿದ್ದರೆ ನೋಟಿಸು ನಿಮಗೂ ಬರುತ್ತದೆ, ನಿಮ್ಮ ಸಿಬಿಲ್ ಸ್ಕೋರೂ ಬೀಳುತ್ತದೆ. ಸಾಲದಿಂದ ಹೆಸರು ತೆಗೆಸುವುದು ಬ್ಯಾಂಕು ಒಪ್ಪಿದರೆ ಮಾತ್ರ ಆಗುವ ಕೆಲಸ.

ಅಫಿಡವಿಟ್: ಇಡೀ ಕೇಸು ನಿಲ್ಲುವುದು ಇದರ ಮೇಲೆ

2020ರ ನವೆಂಬರ್ 4ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಜೀವನಾಂಶದ ಪ್ರತಿ ಕೇಸಿನಲ್ಲೂ ಇಬ್ಬರೂ ತಮ್ಮ ಆಸ್ತಿ ಮತ್ತು ಸಾಲದ ಅಫಿಡವಿಟ್ ಸಲ್ಲಿಸಬೇಕು. ಆ ಕೇಸಿನ ಗಂಡ ಹೆಂಡತಿಯ ಹೆಸರಿನಿಂದಾಗಿ ವಕೀಲರ ಬಾಯಲ್ಲಿ ಇದು "ರಜನೇಶ್ ನೇಹಾ ಅಫಿಡವಿಟ್". ಅರ್ಜಿದಾರರು ಅರ್ಜಿಯ ಜೊತೆಗೇ ಹಾಕಬೇಕು, ಎದುರುದಾರರು ನಾಲ್ಕು ವಾರದೊಳಗೆ. ಬೇಕೆಂದೇ ಎಳೆದಾಡಿದರೆ ಅವರ ತಕರಾರನ್ನೇ ಕೋರ್ಟು ತೆಗೆದುಹಾಕಬಹುದು. ಸುಳ್ಳು ಬರೆದರೆ ಸುಳ್ಳು ಸಾಕ್ಷ್ಯದ ಕ್ರಮ. ಅಫಿಡವಿಟ್‌ಗಳು ಬಂದ ನಾಲ್ಕರಿಂದ ಆರು ತಿಂಗಳೊಳಗೆ ಮಧ್ಯಂತರ ಜೀವನಾಂಶ ತೀರ್ಮಾನಿಸಲು ಯತ್ನಿಸಬೇಕೆಂದೂ, ಹಣವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕೆಂದೂ ಆ ತೀರ್ಪು ಹೇಳಿದೆ. ಅರ್ಜಿ ತಡವಾದಷ್ಟೂ ಆ ತಿಂಗಳುಗಳ ಹಣ ಹೋದಂತೆಯೇ.

ನಮೂನೆ ಉದ್ದವಿದೆ. ವಿದ್ಯಾಭ್ಯಾಸ, ತಿಂಗಳ ಖರ್ಚು, ಅವಲಂಬಿತರು, ಮಕ್ಕಳ ಫೀಸು, ಆದಾಯ, ಸ್ಥಿರಾಸ್ತಿ, ಚರಾಸ್ತಿ, ಸಾಲ, ಕೊನೆಗೆ ಎದುರಿನವರ ಆದಾಯದ ಬಗ್ಗೆ ನಿಮಗೆ ಗೊತ್ತಿರುವುದು. ಖರ್ಚಿನ ಕಾಲಂ ತುಂಬುವಾಗ ನಿಜವಾದ ತಿಂಗಳನ್ನು ಎದುರಿಗಿಟ್ಟುಕೊಂಡು ಬರೆಯಿರಿ: ಬಾಡಿಗೆ 18,000, ದಿನಸಿ ಇಷ್ಟು, ಗ್ಯಾಸು, ಕರೆಂಟು, ನೀರು, ಮಗುವಿನ ವ್ಯಾನ್ ಫೀಸು, ಅಮ್ಮನ ಬಿಪಿ ಮಾತ್ರೆ. ಉಬ್ಬಿಸಿ ಬರೆದರೆ ತಿರುಗುಬಾಣವಾಗುತ್ತದೆ. 2024ರ ಆಗಸ್ಟ್‌ನಲ್ಲಿ ತಿಂಗಳಿಗೆ 6 ಲಕ್ಷಕ್ಕೂ ಹೆಚ್ಚು ಕೇಳಿ ಬಂದ ಅರ್ಜಿಯೊಂದನ್ನು ಕರ್ನಾಟಕ ಹೈಕೋರ್ಟ್ ತೀಕ್ಷ್ಣವಾಗಿ ಪ್ರಶ್ನಿಸಿದ್ದು ಅನೇಕರಿಗೆ ನೆನಪಿರಬಹುದು.

ಗಂಡಸರಿಗೂ ಒಂದು ಮಾತು. ಕೇಸು ಬಂದ ತಕ್ಷಣ ಕೆಲಸ ಬಿಡುವುದು, ಹೊಸ ಸಾಲ ಮಾಡಿ ಕೈಗೆ ಬರುವ ಸಂಬಳ ಕಡಿಮೆ ತೋರಿಸುವುದು ಕೋರ್ಟಿನಲ್ಲಿ ನಡೆಯುವುದಿಲ್ಲ. ತೆರಿಗೆ, ಕಡ್ಡಾಯ ಪಿಎಫ್ ಕಡಿತವನ್ನು ಒಪ್ಪುತ್ತಾರೆ. ನೀವಾಗಿ ಮಾಡಿಕೊಂಡ ಸಾಲದ ಕಂತನ್ನು ಸುಲಭಕ್ಕೆ ಒಪ್ಪುವುದಿಲ್ಲ. ಗಟ್ಟಿಮುಟ್ಟಾದ ಗಂಡಸಿಗೆ ದುಡಿಯುವ ಶಕ್ತಿ ಇದೆಯೆಂದೇ ಕೋರ್ಟು ಹಿಡಿಯುತ್ತದೆ.

ಎಷ್ಟು ಬರಬಹುದು?

ಸಿದ್ಧ ಸೂತ್ರವಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಗಂಡನ ಕೈಗೆ ಬರುವ ಸಂಬಳದ ಶೇ. 25 ಹೆಂಡತಿಗೆ ನ್ಯಾಯವಾದ ಮೊತ್ತ ಎಂದಿತು. ಅಂದಿನಿಂದ ಎಲ್ಲರೂ ಅದನ್ನೇ ಉದಾಹರಿಸುತ್ತಾರೆ, ಆದರೆ ಅದು ಅಳತೆಗೋಲಷ್ಟೇ, ನಿಯಮವಲ್ಲ. ಇಬ್ಬರ ಸ್ಥಾನಮಾನ, ಮದುವೆ ನಡೆದ ಅವಧಿ, ವಯಸ್ಸು, ಆರೋಗ್ಯ, ಮಕ್ಕಳು ಯಾರ ಬಳಿ, ಸಂಸಾರಕ್ಕಾಗಿ ಯಾರು ಕೆಲಸ ಬಿಟ್ಟರು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೆಂಡತಿಗೆ ಸಂಬಳವಿದೆ ಎಂದ ಮಾತ್ರಕ್ಕೆ ಜೀವನಾಂಶ ತಪ್ಪುವುದಿಲ್ಲ. ಇದ್ದ ಜೀವನಮಟ್ಟಕ್ಕೆ ಅದು ಸಾಲುತ್ತದೆಯೇ ಎಂಬುದು ಪ್ರಶ್ನೆ. ದುಡಿಯುವ ಅರ್ಹತೆ ಇರುವುದೂ ನಿಜವಾಗಿ ದುಡಿಯುತ್ತಿರುವುದೂ ಒಂದೇ ಅಲ್ಲವೆಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ.

ಮಗುವಿನ ಖರ್ಚು ಪ್ರತ್ಯೇಕ. ಸಾಮಾನ್ಯವಾಗಿ ತಂದೆಯ ಹೊಣೆ, ತಾಯಿಯೂ ಚೆನ್ನಾಗಿ ದುಡಿಯುತ್ತಿದ್ದರೆ ಆದಾಯದ ಪ್ರಮಾಣದಲ್ಲಿ ಇಬ್ಬರ ಹೊಣೆ. ಮಗುವಿನ ಈ ಹಕ್ಕನ್ನು ಅಪ್ಪ ಅಮ್ಮ ತಮ್ಮ ಒಪ್ಪಂದದಲ್ಲಿ ಬಿಟ್ಟುಕೊಡಲು ಬರುವುದಿಲ್ಲ.

ಮಧ್ಯಸ್ಥಿಕೆಯ ಮೇಜು: ಕೋರ್ಟು ಕೊಡಲಾಗದ್ದು ಇಲ್ಲಿ ಸಿಗುತ್ತದೆ

ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ ಫ್ಯಾಮಿಲಿ ಕೋರ್ಟುಗಳಿವೆ. 2007ರಿಂದ ಕೆಲಸ ಮಾಡುತ್ತಿರುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಇರುವುದೂ ಅಲ್ಲೇ. ರಾಜಿಗೆ ಯತ್ನಿಸುವುದು ಫ್ಯಾಮಿಲಿ ಕೋರ್ಟಿನ ಕರ್ತವ್ಯವಾದ್ದರಿಂದ ಹೆಚ್ಚಿನ ಕೇಸುಗಳನ್ನು ಅಲ್ಲಿಗೆ ಕಳಿಸುತ್ತಾರೆ. ಅನೇಕರು ಅದನ್ನು "ಮತ್ತೆ ಒಟ್ಟಿಗೆ ಬಾಳಿ" ಎಂದು ಬುದ್ಧಿ ಹೇಳುವ ಜಾಗ ಎಂದುಕೊಂಡು ಮುಖ ಸಿಂಡರಿಸಿಕೊಂಡು ಹೋಗುತ್ತಾರೆ. ಹಾಗಲ್ಲ. ಮಾಲೀಕತ್ವದ ಗೆರೆ ದಾಟಿ ಮನೆಯನ್ನು ಹೆಂಡತಿಗೆ ಕೊಡಲು, ಪಿಎಫ್‌ನ ಬದಲು ಸೈಟು ಕೊಡಲು, ಕಂತಿನಲ್ಲಿ ದುಡ್ಡು ಕೊಡಲು ಅಲ್ಲಿ ದಾರಿಯಿದೆ. ಅಲ್ಲಿ ಆಡಿದ ಮಾತು ಗುಟ್ಟಾಗಿಯೇ ಉಳಿಯುತ್ತದೆ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಗಂಡನ ಕೈಗೆ ತಿಂಗಳಿಗೆ 1,10,000 ಬರುತ್ತದೆ. ಹೆಂಡತಿ ಶಾಲಾ ಶಿಕ್ಷಕಿ, 28,000. ಏಳು ವರ್ಷದ ಮಗಳು ತಾಯಿಯ ಬಳಿ. ಯಲಹಂಕದಲ್ಲಿ ಇಬ್ಬರ ಹೆಸರಿನ ಫ್ಲ್ಯಾಟು, ಇಂದಿನ ಬೆಲೆ 1 ಕೋಟಿ 10 ಲಕ್ಷ, ಬಾಕಿ ಸಾಲ 40 ಲಕ್ಷ. ಗಂಡನ ಪಿಎಫ್ 14 ಲಕ್ಷ. ಮಾಗಡಿ ರಸ್ತೆಯಲ್ಲಿ ಮಾವನ ಹೆಸರಿನ ಸೈಟು. ಹೆಂಡತಿಯ 200 ಗ್ರಾಂ ಒಡವೆ ಗಂಡನ ಲಾಕರಿನಲ್ಲಿ.

ಸೈಟು ಲೆಕ್ಕದಿಂದ ಹೊರಗೆ, ಅದು ಮಾವನದು. ಒಡವೆಯೂ ಹೊರಗೆ, ಅದು ಹೆಂಡತಿಯದೇ. ವಾಪಸು ಬರಬೇಕು, ಜೀವನಾಂಶದಲ್ಲಿ ಅದನ್ನು ಕಳೆಯುವಂತಿಲ್ಲ. ಪಿಎಫ್‌ನಲ್ಲಿ ಪಾಲಿಲ್ಲ, ಆದರೆ ಗಂಡನ ಆರ್ಥಿಕ ಶಕ್ತಿ ಅಳೆಯುವಾಗ ಅದು ಕಾಣಬೇಕು. ಉಳಿದದ್ದು ಫ್ಲ್ಯಾಟು: ಸಾಲ ಕಳೆದು 70 ಲಕ್ಷ, ತಲಾ 35 ಲಕ್ಷ.

ಹೆಂಡತಿಗೆ ಫ್ಲ್ಯಾಟೇ ಬೇಕು, ಮಗಳ ಶಾಲೆ ಪಕ್ಕದಲ್ಲಿದೆ. ಆಗ ಗಂಡನ 35 ಲಕ್ಷ ಕೊಟ್ಟು 40 ಲಕ್ಷದ ಸಾಲ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. 28,000 ಸಂಬಳಕ್ಕೆ ಅಷ್ಟು ಗೃಹಸಾಲ ಯಾವ ಬ್ಯಾಂಕೂ ಕೊಡುವುದಿಲ್ಲ. ಇಲ್ಲಿ ಮೂರು ದಾರಿ. ಮಾರಿಬಿಟ್ಟು ಸಾಲ ತೀರಿಸಿ ತಲಾ 35 ಲಕ್ಷ ತೆಗೆದುಕೊಳ್ಳುವುದು, ಜೀವನಾಂಶ ಬೇರೆ. ಅಥವಾ ಗಂಡ ಫ್ಲ್ಯಾಟನ್ನೂ ಸಾಲವನ್ನೂ ಇಟ್ಟುಕೊಂಡು ಅವಳ 35 ಲಕ್ಷದ ಜೊತೆಗೆ ಶಾಶ್ವತ ಜೀವನಾಂಶವಾಗಿ ಒಂದು ಮೊತ್ತ ಕೊಡುವುದು. ಅಥವಾ ಗಂಡ ತನ್ನ 35 ಲಕ್ಷದ ಪಾಲನ್ನೇ ಶಾಶ್ವತ ಜೀವನಾಂಶವೆಂದು ಬಿಟ್ಟುಕೊಡುವುದು, ಹೆಂಡತಿ ತವರಿನ ನೆರವಿನಿಂದಲೋ ಬೇರೆ ರೀತಿಯಲ್ಲೋ ಸಾಲದ ದೊಡ್ಡ ಭಾಗ ತೀರಿಸಿ, ಉಳಿದಿದ್ದನ್ನು ಅವಳ ಸಂಬಳಕ್ಕೆ ಒಗ್ಗುವಷ್ಟಕ್ಕೆ ಇಳಿಸುವುದು. ಮಗಳ ಫೀಸು ಇದ್ಯಾವುದಕ್ಕೂ ಸೇರುವುದಿಲ್ಲ. ಸಂಬಳದ ಪ್ರಮಾಣದಲ್ಲಿ ಗಂಡನದು ಸುಮಾರು ಶೇ. 80, ಹೆಂಡತಿಯದು ಶೇ. 20. ಮನೆಯ ಮೇಲಿನ ಮಮತೆಯಿಂದ ಕಂತಿನ ಭಾರ ಹೊತ್ತುಕೊಂಡು ನಾಲ್ಕು ವರ್ಷದಲ್ಲಿ ಅದೇ ಮನೆಯನ್ನು ಅಗ್ಗಕ್ಕೆ ಮಾರುವುದಕ್ಕಿಂತ ಮೊದಲೇ ಮಾರಿ ಕೈಗೆ ದುಡ್ಡು ಬರುವುದು ಮೇಲು ಎಂದು ಇಂಥ ಕಡೆ ನಾನು ಹೇಳುತ್ತೇನೆ.

ಒಂದೇ ಗಂಟು ಒಳ್ಳೆಯದೋ ತಿಂಗಳ ಹಣವೋ? ಕೊಡುವವರ ಮೇಲೆ ನಂಬಿಕೆ ಇಲ್ಲದಿದ್ದರೆ ಗಂಟು. ತಿಂಗಳ ಜೀವನಾಂಶವನ್ನು ಮುಂದೆ ಪರಿಸ್ಥಿತಿ ಬದಲಾದಾಗ ಹೆಚ್ಚಿಸಲು ಕೇಳಬಹುದು, ಆದರೆ ಮರುಮದುವೆಯಾದರೆ ರದ್ದಾಗಬಹುದು. ತಿಂಗಳ ಹಣವನ್ನೇ ಒಪ್ಪುವುದಾದರೆ ವರ್ಷಕ್ಕೆ ಇಷ್ಟು ಶೇಕಡಾ ಏರಿಕೆ ಎಂದು ಬರೆಸಿ. ತೆರಿಗೆಯಲ್ಲೂ ಇವೆರಡಕ್ಕೆ ವ್ಯತ್ಯಾಸವಿದೆ, ಸಹಿ ಹಾಕುವ ಮೊದಲು ಒಬ್ಬ ಆಡಿಟರ್ ಬಳಿ ಕೂತು ಮಾತಾಡಿ.

ಒಪ್ಪಂದ ಬರೆಯುವಾಗ

ಪರಸ್ಪರ ಒಪ್ಪಿಗೆಯ ಡೈವೋರ್ಸಿಗೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಅರ್ಜಿ. ಒಂದು ವರ್ಷ ಬೇರೆ ಇದ್ದಿರಬೇಕು. ಆಮೇಲಿನ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಕಾರಣವಿದ್ದರೆ ಕೋರ್ಟು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಿಕ್ರಿಗೆ ಮುಂಚೆ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದಾದ್ದರಿಂದ ಹಣವನ್ನು ಹಂತ ಹಂತವಾಗಿ ಇಡುವುದು ರೂಢಿ: ಅರ್ಜಿ ಹಾಕುವಾಗ ಒಂದು ಭಾಗ, ಕೊನೆಯ ಹೇಳಿಕೆಯ ದಿನ ಕೋರ್ಟಿನಲ್ಲೇ ಉಳಿದ ಭಾಗ. ಡಿಡಿ ಮೂಲಕ ಕೊಡಿ, ಅದರ ನಂಬರು, ತಾರೀಖು, ಬ್ಯಾಂಕಿನ ಹೆಸರನ್ನು ಮೆಮೊದಲ್ಲಿ ಬರೆಸಿ. ಕೈಯಲ್ಲಿ ನಗದು ಕೊಡುವುದೂ ಬೇಡ, ತೆಗೆದುಕೊಳ್ಳುವುದೂ ಬೇಡ.

ಸ್ಥಿರಾಸ್ತಿ ಇದ್ದರೆ ಅದರ ಚೆಕ್ಕುಬಂದಿ ಸಮೇತ ಷೆಡ್ಯೂಲು ಅರ್ಜಿಯಲ್ಲೇ ಇರಲಿ. ಕೇಸಿನ ವಿಷಯವೇ ಅಲ್ಲದ ಆಸ್ತಿಯನ್ನು ರಾಜಿಯಲ್ಲಿ ಸೇರಿಸಿದರೆ ಅಂಥ ಡಿಕ್ರಿಯನ್ನು ನೋಂದಣಿ ಮಾಡಿಸಬೇಕಾಗುತ್ತದೆ. ತನ್ನ ಪಾಲನ್ನು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರವೋ ದಾನಪತ್ರವೋ ಮಾಡುವುದಾದರೆ ಡಿಕ್ರಿಗೆ ಮೊದಲೋ ಆಮೇಲೋ ಎಂದು ಆಡಿಟರ್ ಮತ್ತು ವಕೀಲರನ್ನು ಕೇಳಿ. ಗಂಡ ಹೆಂಡತಿಯಾಗಿರುವಾಗ ಸಿಗುವ ಮುದ್ರಾಂಕ ಶುಲ್ಕದ, ತೆರಿಗೆಯ ರಿಯಾಯಿತಿ ಡಿಕ್ರಿಯಾದ ಮೇಲೆ ಸಿಗದೇ ಹೋಗಬಹುದು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಈಗ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ, ಆದ್ದರಿಂದ ಅದನ್ನು ಮೊದಲೇ ಮಾಡಿಸಿಡಿ. ಯಾರ ಖರ್ಚು, ಯಾವ ದಿನದೊಳಗೆ, ಬರದಿದ್ದರೆ ಏನು ಎಂಬುದೂ ಒಪ್ಪಂದದಲ್ಲಿ ಇರಬೇಕು. ಉಳಿದಿರುವ ಇತರ ಕೇಸುಗಳನ್ನು ಯಾರು ಯಾವಾಗ ವಾಪಸು ಪಡೆಯಬೇಕು ಎಂಬುದನ್ನು ಕೇಸ್ ನಂಬರ್ ಸಮೇತ ಬರೆಸಿ.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಕಂಡಕಂಡ ಕಾಗದಕ್ಕೆ ಸಹಿ ಹಾಕಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ ಮಹಿಳೆಯರಿಗೆ ಉಚಿತ ವಕೀಲರ ನೆರವಿದೆ. ಪ್ರಾಧಿಕಾರದ ಕಚೇರಿಯೂ ನ್ಯಾಯದೇಗುಲದಲ್ಲೇ ಇದೆ, ಸಹಾಯವಾಣಿ 15100.

ಡಿಕ್ರಿ ಕೈಗೆ ಬಂದ ಮೇಲೆ

ದೃಢೀಕೃತ ಪ್ರತಿಗಳನ್ನು ಒಂದಕ್ಕಿಂತ ಹೆಚ್ಚು ತೆಗೆಸಿಕೊಳ್ಳಿ. ಬ್ಯಾಂಕು, ಪಾಸ್‌ಪೋರ್ಟ್ ಕಚೇರಿ, ಪಾಲಿಕೆ, ಎಲ್ಲ ಕಡೆಯೂ ಕೇಳುತ್ತಾರೆ. ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಹೈಕೋರ್ಟಿಗೆ, 30 ದಿನವೆಂದೇ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿ. ಪರಸ್ಪರ ಒಪ್ಪಿಗೆಯ ಡಿಕ್ರಿಗೆ ಮೇಲ್ಮನವಿ ಇಲ್ಲ.

ಹಣ ಬರದಿದ್ದರೆ ಸುಮ್ಮನೆ ಕಾಯಬೇಡಿ. ಹಿಂದೂ ವಿವಾಹ ಕಾಯ್ದೆಯ ಡಿಕ್ರಿಯಾದರೆ ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಿ ಸಂಬಳ, ಆಸ್ತಿ ಜಪ್ತಿ ಕೇಳಬಹುದು. 25ನೇ ಕಲಮಿನ ಜೀವನಾಂಶವನ್ನು ಕೊಡುವವರ ಸ್ಥಿರಾಸ್ತಿಯ ಮೇಲೆ ಋಣಭಾರವಾಗಿ ಹೊರಿಸಲು ಕೋರ್ಟಿಗೆ ಅಧಿಕಾರವಿದೆ, ವಾದದ ವೇಳೆಯೇ ಅದನ್ನು ಕೇಳಿಕೊಂಡಿದ್ದರೆ ಈಗ ನಿಮ್ಮ ಕೈ ಮೇಲಾಗಿರುತ್ತದೆ. ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನ ಆದೇಶವಾದರೆ ಬಾಕಿ ಬಿದ್ದ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು, ಆದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ವಾರಂಟಿಗೆ ಅರ್ಜಿ ಹಾಕಿರಬೇಕು. ಪ್ರತಿ ತಿಂಗಳು ಬಂದದ್ದು, ಬರದದ್ದು ಎರಡನ್ನೂ ತಾರೀಖಿನೊಂದಿಗೆ ಬರೆದಿಡಿ.

ನಿಮಗೆ ಬಂದ ಆಸ್ತಿಯ ಖಾತೆಯನ್ನು ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ, ನಿಮ್ಮ ವಾರ್ಡು ಯಾವುದಕ್ಕೆ ಸೇರಿದೆ ಎಂದು ನೋಡಿಕೊಂಡು ಹೋಗಿ. ಜಂಟಿ ಬ್ಯಾಂಕ್ ಖಾತೆ ಮುಚ್ಚಿಸಿ. ಪಿಎಫ್, ಎಲ್‌ಐಸಿ, ಎಫ್‌ಡಿ, ಡಿಮ್ಯಾಟ್ ಎಲ್ಲದರಲ್ಲೂ ನಾಮಿನಿ ಬದಲಿಸಿ. ಹಳೆಯ ವಿಲ್ಲು ಬರೆದಿದ್ದರೆ ಹೊಸದು ಮಾಡಿ. ಕಂಪನಿಯ ಆರೋಗ್ಯ ವಿಮೆಯಲ್ಲಿ ಹೆಂಡತಿಯ ಹೆಸರು ತೆಗೆಯುವ ಮೊದಲೇ ಆಕೆ ಮತ್ತು ಮಗುವಿಗೆ ಬೇರೆ ಪಾಲಿಸಿ ಮಾಡಿಸಿ. ಹೊಸ ಪಾಲಿಸಿಯಲ್ಲಿ ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ, ಹೀಗಾಗಿ ಇದನ್ನು ಡಿಕ್ರಿಗೆ ಕೆಲವು ತಿಂಗಳು ಮುಂಚೆಯೇ ಶುರುಮಾಡಿದರೆ ಒಳ್ಳೆಯದು.